ಸಾಲ್ವಿಯಾ ಪಕ್ಕದ ಬಕೆಟ್

ಕೃಷ್ಣಸಾಮಿ ಮಾಡಿದ ತಪ್ಪು ಇಷ್ಟೇ: ಬೆಳಿಗ್ಗೆ ಬಕೆಟ್ ತುಂಬಿಸಿ ಹೂಕುಂಡಗಳ ಪಕ್ಕ ಇಟ್ಟು, ಪೇಪರ್ ಓದಲು ಒಳಗೆ ಹೋದದ್ದು.

ಅಕ್ಕನ ಮಗಳ ಮದುವೆ ಸೀರೆ ಆರಿಸಲು ಸಿರುಮುಗೈಯ ಅಕ್ಕನ ಮನೆಗೆ ಹೋಗಿದ್ದ ಹೆಂಡತಿ ಶಿವಗಾಮಿ ಅಂದು ಸಂಜೆ ಸಿಂಗಾನಲ್ಲೂರಿಗೆ ಮರಳುವವಳಿದ್ದಳು. ಹೊರಡುವಾಗ ಅವಳು ಒಡವೆಯ ಬಗ್ಗೆ ಹೇಳಲಿಲ್ಲ, ಬೀಗದ ಬಗ್ಗೆಯೂ ಹೇಳಲಿಲ್ಲ. ಅಂಗಳದ ಕೆಂಪು ಸಾಲ್ವಿಯಾ ಹೂಗಿಡಗಳ ಬಗ್ಗೆ ಮಾತ್ರ ಹೇಳಿದ್ದಳು.

"ಏನುಂಗ, ಬಾಡಿದ ತೆನೆ ಚಿವುಟಿ. ಬುಡಕ್ಕೆ ಮಾತ್ರ ನೀರು. ಹೋದ ಸಲ ನನ್ನ ತುಳಸಿ ಕೊಂದಿರಿ. ಇದೂ ಹೋದ್ರೆ ನಾನು ಅಕ್ಕನ ಮನೇಲೇ ಇದ್ದುಬಿಡ್ತೀನಿ!"

ಆ ಹೆದರಿಕೆಗೆ ಕೃಷ್ಣಸಾಮಿ ಗಿಡಗಳನ್ನು ಬಾಣಂತಿಯಂತೆ ನೋಡಿಕೊಂಡಿದ್ದ. ಅಂದೂ ಪೇಪರ್ ಮುಗಿಸಿ ಬಂದು, ಬಕೆಟ್ಟಿನ ನೀರನ್ನು ಒಂದೊಂದು ಬುಡಕ್ಕೂ ಪ್ರೀತಿಯಿಂದ ಹೊಯ್ದ.

ಮಧ್ಯಾಹ್ನ ಹೊರಗೆ ಬಂದವನ ಜೀವ ಬಾಯಿಗೆ ಬಂತು. ಕೆಂಪು ತೆನೆಗಳೆಲ್ಲ ಮಳೆಗೆ ಸಿಕ್ಕ ಕಾಗದದ ತೋರಣದಂತೆ ಜೋತುಬಿದ್ದಿದ್ದವು.

"ಅಯ್ಯಯ್ಯೋ, ಏನಾಯ್ತುಂಗಣ್ಣಾ!" ಪಕ್ಕದ ಮನೆಯ ರಾಮಾತಾಳ್ ಗೋಡೆಯಾಚೆಯಿಂದ ಇಣುಕಿ ಎದೆ ಹಿಡಿದುಕೊಂಡಳು. "ಬೆಳಿಗ್ಗೆ ತಾನೇ ದೃಷ್ಟಿ ತೆಗೆದೆನಲ್ಲಾ! ದಾರೀಲಿ ಹೋಗೋರೆಲ್ಲಾ ಕಣ್ಣು ಹಾಕ್ತಿದ್ರು. ಕುಂಡಕ್ಕೆ ಎರಡೆರಡು ಹಿಡಿ ಕಲ್ಲುಪ್ಪು ನಿವಾಳಿಸಿ, ನಿಮ್ಮ ಬಕೆಟ್ ನೀರಲ್ಲೇ ಕರಗೋಕೆ ಹಾಕಿದ್ದೆ. ಚರಂಡಿಗೆ ಚೆಲ್ಲೋಣ ಅಂತ ಬಂದ್ರೆ ಬಕೆಟ್ ಖಾಲಿ! ನೀವೇ ಚೆಲ್ಲಿದಿರಾ?"

ಕೃಷ್ಣಸಾಮಿಗೆ ಭೂಮಿ ಗಿರ್ರನೆ ಸುತ್ತಿತು. ಆದರೆ ರಾಮಾತಾಳ್ ಕಣ್ಣಲ್ಲಿ ಆಗಲೇ ನೀರಾಡುತ್ತಿತ್ತು. ಶಿವಗಾಮಿ ಹೋದಾಗಿನಿಂದ ದಿನವೂ ಬಿಸಿ ರಸಂ ಕಳಿಸಿದ ಕೈ ಅದು. ನಿಜ ಹೇಳಲು ಅವನಿಗೆ ಮನಸ್ಸಾಗಲಿಲ್ಲ.

"ಚೆಲ್ಲಿದೆ ಅಮ್ಮಣಿ. ಇದು... ಬಿಸಿಲಿಗೆ. ಸಂಜೆ ಹೊತ್ತಿಗೆ ಎದ್ದು ನಿಲ್ಲುತ್ತೆ, ಅಳಬೇಡ."

ಅವಳು ಊಟಕ್ಕೆ ಹೋದದ್ದೇ ತಡ, ಅವನು ಪೀಳಮೇಡಿನ ನರ್ಸರಿಗೆ ಓಡಿದ. ಆಟೋ ತುಂಬ ಸಾಲ್ವಿಯಾ, ನಡುವೆ ಕೃಷ್ಣಸಾಮಿಯ ಬೋಳುತಲೆ.

"ಯಾವ ಮಂತ್ರಿ ಬರ್ತಿದ್ದಾರೆ ಸಾರ್?" ಎಂದ ಆಟೋದವನು.

"ಮಂತ್ರಿಯಾಗಿದ್ರೆ ಇಷ್ಟು ಹೆದರ್ತಿದ್ನೇನಪ್ಪಾ?"

ಉಪ್ಪು ಮಣ್ಣು ಚೆಲ್ಲಿ, ಹೊಸ ಮಣ್ಣು ತುಂಬಿ, ಗಿಡ ನೆಟ್ಟು ಮುಗಿಸುವಷ್ಟರಲ್ಲಿ ಅವನ ಸೊಂಟ ಬಿದ್ದುಹೋಗಿತ್ತು. ನೀರೆಂದರೆ ಭಯ ಹುಟ್ಟಿದ್ದರಿಂದ ಒಂದೊಂದಕ್ಕೆ ಅರ್ಧ ಚೊಂಬಷ್ಟೇ ಹಾಕಿದ. ಬಕೆಟ್ ಮತ್ತೆ ತುಂಬಿಸಿ ಅಲ್ಲೇ ಇಟ್ಟು ಸ್ನಾನಕ್ಕೆ ಹೋದ.

ಶಿವಗಾಮಿ ಬಂದವಳು ಗೇಟಿನಲ್ಲೇ ಬೆಪ್ಪಾಗಿ ನಿಂತಳು. "ಏನುಂಗ! ನಾನಿದ್ದಾಗಲೂ ಹೀಗೆ ಅರಳಿರಲಿಲ್ಲ! ನಿಮ್ಮ ಕೈಗುಣ ಇಷ್ಟು ವರ್ಷ ಗೊತ್ತೇ ಆಗಲಿಲ್ವಲ್ಲಾ!"

ಮದುವೆಯಾದಂದಿನಿಂದ ಕೇಳದ ಮಾತು. ಕೃಷ್ಣಸಾಮಿ ಉಬ್ಬಿಹೋದ. "ಕೂತ್ಕೋ, ನಾನೇ ಕಾಪಿ ತರ್ತೀನಿ."

ಕಾಪಿ ಹಿಡಿದು ಬಂದಾಗ ಅವಳು ಬಕೆಟ್ಟಿನ ಕೊನೆಯ ನೀರನ್ನು ಕೊನೆಯ ಕುಂಡಕ್ಕೆ ಬಗ್ಗಿಸುತ್ತಿದ್ದಳು. "ತುಂಬಿದ ಬಕೆಟ್ ಪಕ್ಕದಲ್ಲಿಟ್ಕೊಂಡು ಗಿಡ ಒಣಗಿಸ್ತಾರಾ ಯಾರಾದ್ರೂ?"

"ಅಯ್ಯೋ ಅತ್ತಿಗೇ!" ಗೋಡೆಯಾಚೆ ರಾಮಾತಾಳ್ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅದು ದೃಷ್ಟಿ ನೀರು! ಗಿಡ ಎದ್ದ ಖುಷಿಗೆ ಈಗ ತಾನೇ ಮೂರು ಮೂರು ಹಿಡಿ ಉಪ್ಪು ನಿವಾಳಿಸಿ ಹಾಕಿದ್ದೆ. ಬೆಳಿಗ್ಗೆಯ ಹಾಗೆ ಅಣ್ಣನೇ ಚೆಲ್ತಾರೆ ಅಂತ ಬಿಟ್ಟೆ. ಅವರಿಗೆ ಎಲ್ಲಾ ಗೊತ್ತಲ್ಲಾ!"

ಶಿವಗಾಮಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಅವನು ಕಾಪಿ ಲೋಟವನ್ನು ಅವಳತ್ತ ಚಾಚಿದ.

"ನಿಮಗೆ ಗೊತ್ತಿತ್ತಾ?"

ಇನ್ನೂ ಬಿಚ್ಚಿರದ ಚೀಲವನ್ನು ಅವಳು ಮತ್ತೆ ಹೆಗಲಿಗೇರಿಸಿದಳು.

"ಕಾಪಿ ನೀವೇ ಕುಡೀರಿ. ಸಿರುಮುಗೈ ಕಡೆ ಕೊನೇ ಬಸ್ಸು ಎಷ್ಟಕ್ಕೆ?"