ನಡುಮನೆಗೆ ಕಪ್ಪು ಬಳಿದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನ ಕೈಗೆ ಯಾರೂ ಕುಂಚ ಕೊಡಬಾರದು. ಕೊಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನಂಜನಗೂಡಿನ ನಮ್ಮ ಹೊಸ ಮನೆಯ ಗೋಡೆಯೇ ಸಾಕ್ಷಿ! ತಿ. ನರಸೀಪುರದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ, ಮಕ್ಕಳ ಕೈಲಿ ಬಿಂದಿಗೆ, ಮಾವಿನಕಾಯಿ ಬರೆಸಿಕೊಂಡು ತೆಪ್ಪಗಿದ್ದವರು. ರಿಟೈರಾದ ಮೇಲೆ ಮೊಬೈಲಿನಲ್ಲಿ ಯುರೋಪಿನ ಬರೋಕ್ ಚಿತ್ರಗಳು ಸಿಕ್ಕವು ನೋಡಿ, ಮುಗೀತು. ನಾನೂರು ವರ್ಷದ ಹಿಂದೆ ಅಲ್ಲಿನವರು ತಮ್ಮ ಪುರಾಣದ ದೇವರುಗಳನ್ನು ಕಗ್ಗತ್ತಲಲ್ಲಿ ನಿಲ್ಲಿಸಿ, ಒಂದೇ ಪಕ್ಕದಿಂದ ಬೆಳಕು ಬಿಟ್ಟು ಬರೆಯುತ್ತಿದ್ದರಂತೆ. ಚಿಕ್ಕಪ್ಪ ಮದುವೆಮನೆಯಲ್ಲಿ ಊಟಕ್ಕೆ ಕೂತವರಿಗೂ ಅದನ್ನೇ ತೋರಿಸುತ್ತಾರೆ. ಅರೆಬತ್ತಲೆ ದೇವತೆಗಳನ್ನು ಕಂಡ ಹಿರಿಯರು ಪಾಯಸವನ್ನೇ ದಿಟ್ಟಿಸುತ್ತಾ ಕೂರುತ್ತಾರೆ!

ಗೃಹಪ್ರವೇಶಕ್ಕೆ ನಡುಮನೆ ಗೋಡೆಯ ಮೇಲೆ ವಿಷ ಕುಡಿಯುವ ಈಶ್ವರನನ್ನು ಬರೆದುಕೊಡುತ್ತೇನೆ ಅಂದರು. ನಂಜನಗೂಡಿನ ಮನೆಗೆ ನಂಜುಂಡನಲ್ಲದೆ ಇನ್ಯಾರು ಅಂತ ಒಪ್ಪಿದೆ. ನನ್ನ ಬುದ್ಧಿಗಿಷ್ಟು! ಇನ್ನು ಮೂರು ದಿನ ಇದೆ ಅನ್ನುವಾಗ ಬಂದು ನೋಡಿದರೆ ಗೋಡೆ ಪೂರ್ತಿ ಕಪ್ಪು. ಕತ್ತಲು ಮೊದಲು ಬಳಿಯಬೇಕಂತೆ, ಬೆಳಕು ಆಮೇಲಂತೆ.

ಜೊತೆಗೆ ಬಂದಿದ್ದ ಅಮ್ಮ ಹೊಸಿಲು ದಾಟಲಿಲ್ಲ. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಅಮ್ಮನ ಕೈಯಲ್ಲೇ ಹಾಲು ಉಕ್ಕಿಸಬೇಕೆಂದು ನನ್ನ ಹಟ. ಗಂಡ ಇಲ್ಲದವರು ಉಕ್ಕಿಸಬಾರದು ಅಂದ ನೆಂಟರ ಬಾಯಿ ಮುಚ್ಚಿಸಿ, ಅಮ್ಮನನ್ನೂ ಹೇಗೋ ಒಪ್ಪಿಸಿದ್ದೆ. ಈಗ ನೋಡಿದರೆ ಅಮ್ಮ, "ಸುಣ್ಣ ಬಳ್ಸು, ಬತ್ತೀನಿ" ಎಂದು ನರಸೀಪುರದ ಬಸ್ಸು ಹತ್ತಿದರು.

ಇದೆಲ್ಲ ಚಿಕ್ಕಪ್ಪನ ತಲೆಗೆ ಎಲ್ಲಿ ಹೋಗಬೇಕು? ಬರೋಕ್‌ನವರು ಬೀದಿಯ ಜನರನ್ನೇ ಕೂರಿಸಿಕೊಂಡು ದೇವರ ಚಿತ್ರ ಬರೆಯುತ್ತಿದ್ದರೆಂದು, ಎದುರಿನ ಪಂಕ್ಚರ್ ಅಂಗಡಿಯವನನ್ನು ಹಿಡಿದು ತಂದು ಈಶ್ವರ ಮಾಡಿದರು. ಅವನು ಎರಡು ದಿನ ಅಂಗಡಿ ಮುಚ್ಚಿ, ಕತ್ತೆತ್ತಿಕೊಂಡು, ಖಾಲಿ ಲೋಟ ಹಿಡಿದು ಕೂತ. ಅವನ ಹೆಂಡತಿ ಬಂದು ಬೈದದ್ದು ಯಾರಿಗೆ? ನನಗೆ! ಪಾರ್ವತಿಗೆ ಯಾರನ್ನು ಎಳೆದು ತರುತ್ತೀರಿ ಅಂತ ಕೇಳಿದೆ.

"ಯಾರ್ನೂ ಕೂರ್ಸೋದು ಬೇಡ ಕಣೋ, ಅದು ನಂಗೆ ಬಾಯಿಪಾಠ," ಅಂದರು.

ನಾನು ಸುಣ್ಣ ಬಳಿಯುವವನಿಗೆ ಹೇಳಿಟ್ಟೆ.

ಗೃಹಪ್ರವೇಶದ ಬೆಳಿಗ್ಗೆ ಸುಣ್ಣದವನೂ ಅಮ್ಮನೂ ಒಟ್ಟಿಗೇ ಬಂದರು. ಅಮ್ಮ ಬಾಗಿಲಲ್ಲೇ ನಿಂತು ಗೋಡೆ ನೋಡಿದರು. ಕತ್ತಲೊಳಗೆ ಈಶ್ವರನ ಕತ್ತು, ಅದರ ಮೇಲೆ ಪಾರ್ವತಿಯ ಕೈ. ಬೆಳಕೆಲ್ಲ ಆ ಕೈ ಮೇಲೆ. ಗಂಟು ಬಿದ್ದ ಬೆರಳು, ಮಣಿಕಟ್ಟಿನಲ್ಲಿ ಒಗ್ಗರಣೆ ಸಿಡಿದ ಕಲೆ. ಅದು ಅಮ್ಮನ ಕೈ. ಅಪ್ಪನಿಗಿದ್ದದ್ದು ಗಂಟಲಿನ ಕ್ಯಾನ್ಸರ್. ಕಡೇ ತಿಂಗಳುಗಳಲ್ಲಿ ಒಂದು ಗುಟುಕು ಗಂಜಿ ಇಳಿಯಬೇಕಾದರೂ ಅಮ್ಮ ಹೀಗೇ ಕತ್ತು ಸವರುತ್ತಾ ಕೂತಿರುತ್ತಿದ್ದರು. ಚಿಕ್ಕಪ್ಪ ಪಕ್ಕದಲ್ಲಿ ಲೋಟ ಹಿಡಿದುಕೊಂಡಿರುತ್ತಿದ್ದರು.

ಅಮ್ಮ ಮೈದುನನ ಕಡೆ ತಿರುಗಿ, "ಇಷ್ಟೆಲ್ಲ ನೋಡಿಟ್ಕೊಂಡಿದ್ಯಾ ನೀನು?" ಅಂದರು. ಚಿಕ್ಕಪ್ಪ ಪಂಚೆಗೆ ಕೈ ಒರೆಸಿಕೊಂಡರು.

ಅಮ್ಮ ಸುಣ್ಣದವನನ್ನು ವಾಪಸು ಕಳಿಸಿ ಹೊಸಿಲು ದಾಟಿದರು.

"ಆ ಒಲೇನ ಈ ಗೋಡೆ ಮುಂದಕ್ಕೇ ತಗೊಂಡ್ ಬಾ ಮಗಾ," ಅಂದರು. "ಹಾಲು ಇಲ್ಲೇ ಉಕ್ಕಿಸ್ತೀನಿ."