ಎಲ್ಲರಿಗೂ ಬೇಕಾದ, ಯಾರಿಗೂ ಬೇಡವಾದ ಬೆಂಚು

ಶಾಲೆಯಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಕ್ಕೆ ದಿನವೂ ಬೈಸಿಕೊಂಡವಳು ನಾನು. ಈಗ ಅದೇ ನನ್ನ ಉದ್ಯೋಗ. ಬೀದಿಗಳನ್ನು ಅಲ್ಲಿನ ಜನರ ಕೈಯಿಂದಲೇ ಚೆಂದ ಮಾಡಿಸುವ ಒಂದು ಪುಟ್ಟ ಸಂಸ್ಥೆಯಲ್ಲಿದ್ದೇನೆ. ಮೊದಲು ಜನರಿಂದ ಅವರ ಬೀದಿಯ ಬಗ್ಗೆ ಕನಸು ಕಾಣಿಸಬೇಕು, ಆಮೇಲೆ ಅದನ್ನು ರಸ್ತೆಗೆ ಇಳಿಸಬೇಕು. ಕಾಣಿಸುವುದು ಸುಲಭ. ಇಳಿಸುವಾಗ ಮಾತ್ರ ಪ್ರತಿ ಸಲವೂ ಏನಾದರೊಂದು ಎಡವಟ್ಟು ಆಗೇ ಆಗುತ್ತದೆ. ಸದ್ಯಕ್ಕೆ ಬೆಂಗಳೂರಿನ ಮರ್ಫಿ ಟೌನಿನ ಒಂದೇ ಒಂದು ಬೀದಿಯ ಕಥೆ ಹೇಳುತ್ತೇನೆ.

೧. ಐದು ನಿಮಿಷ ಕಣ್ಣು ಮುಚ್ಚಿ

ಬೀದಿಯಲ್ಲೇ ಜಮಖಾನ ಹಾಸಿ ಮೊದಲ ಸಭೆ ಕರೆದಿದ್ದೆ. ಎಳೆ ಬಿಸಿಲು, ತಣ್ಣನೆ ಗಾಳಿ, ಯಾರದೋ ಅಡುಗೆಮನೆಯಿಂದ ಒಗ್ಗರಣೆ ವಾಸನೆ. "ಎಲ್ಲರೂ ಐದು ನಿಮಿಷ ಕಣ್ಣು ಮುಚ್ಚಿ. ನಿಮ್ಮ ಬೀದಿ ತುಂಬಾ ಚೆನ್ನಾಗಿದೆ ಅಂದ್ಕೊಳ್ಳಿ. ಏನು ಕಾಣುತ್ತೋ ಹೇಳಿ" ಎಂದೆ. ಮೂವತ್ತು ಜನ ಕಣ್ಣು ಮುಚ್ಚಿದರು. ಅಷ್ಟು ಮುಖಗಳು ಒಟ್ಟಿಗೆ ಶಾಂತವಾದದ್ದನ್ನು ನೋಡಿ ನನಗೇ ಮಂಪರು ಹತ್ತಿತು.

"ನಲ್ಲೀಲಿ ನೀರು ಬಂತು!" ಎಂದಿತು ಒಂದು ದನಿ.

ಎಂಥ ಸರಳವಾದ ಕನಸು ಎಂದುಕೊಂಡು, ತಲೆ ತಗ್ಗಿಸಿ ಹಾಳೆಯ ಮೇಲೆ 'ನೀರು' ಎಂದು ಬರೆದೆ. ತಲೆ ಎತ್ತಿದರೆ ಜಮಖಾನ ಖಾಲಿ! ನೀರು ನಿಜವಾಗಿಯೂ ಬಂದಿತ್ತು, ಎಲ್ಲರೂ ಬಿಂದಿಗೆ ಹಿಡಿದು ಓಡಿದ್ದರು.

ಉಳಿದವರು ಇಬ್ಬರೇ. ಒಬ್ಬರು ಕಾರ್ಖಾನೆಯಿಂದ ನಿವೃತ್ತರಾದ ಅಂಕಲ್. ಇನ್ನೊಬ್ಬರು ಯಾದಗಿರಿ ಕಡೆಯಿಂದ ಬಂದು ಮಗ ಸೊಸೆಯ ಜೊತೆ ಬಾಡಿಗೆ ರೂಮಿನಲ್ಲಿದ್ದ ಅಜ್ಜಿ. ಮಗ ಸೊಸೆ ಕಟ್ಟಡ ಕೆಲಸಕ್ಕೆ ಹೋದರೆ, ಬೀದಿಯ ಆ ತುದಿಯ ಅಂಗನವಾಡಿಯಿಂದ ಮೊಮ್ಮಗಳನ್ನು ಕರೆತರುವುದು ಅಜ್ಜಿಯ ಪಾಲಿನ ಕೆಲಸ.

"ನಿಮಗೇನು ಕಾಣಿಸ್ತು ಅಜ್ಜಿ?"

"ಅರ್ಧ ಹಾದ್ಯಾಗ ಕುಂದರಾಕ ಒಂದು ಜಾಗ ಕಂಡಿತವ್ವ. ಒಂದೇ ಗುಕ್ಕಿಗೆ ನಡ್ಯಾಕ ಮೊಣಕಾಲು ಒಲ್ಲೆ ಅಂತಾವ. ಕೂಸಿನ್ನ ಕರ್ಕೊಂಡು ಬರಾಕ ಆಗಂಗಿಲ್ಲ ಅಂದ್ರ, ಮಗ ನನ್ನ ಊರಿಗೆ ಕಳಿಸಿ ತನ್ನ ಅತ್ತಿನ್ನ ಕರಸ್ತಾನಂತ. ಆ ಬೀಗತಿ ಬಂದು ನನ್ನ ಹಾಸಿಗ್ಯಾಗ ಮಕ್ಕೊಂತಾಳ!"

ಅಜ್ಜಿಯ ಕಣ್ಣಲ್ಲಿ ನೀರಿತ್ತು. ಹಾಳೆಯ ಮೇಲೆ 'ಬೆಂಚು' ಎಂದು ದೊಡ್ಡದಾಗಿ ಬರೆದು, ಇನ್ನೂ ಕಣ್ಣು ಮುಚ್ಚಿದ್ದ ಅಂಕಲ್ ಅವರ ಭುಜ ಮುಟ್ಟಿದೆ. ಅವರು ಬೆಚ್ಚಿ ಎದ್ದು, ತಮ್ಮ ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, "ಛೇ, ಎಷ್ಟ್ ಚೆನ್ನಾಗಿತ್ತು ರೋಡು! ಯಾಕಮ್ಮ ಎಬ್ಬಿಸ್ದೆ?" ಎಂದರು.

೨. ಗೋಡೆಯ ಮೇಲಿನ ಕೆರೆ

ಅಜ್ಜಿಯ ಅರ್ಧ ದಾರಿ ಎಂದರೆ ಸರಿಯಾಗಿ ಬೀದಿಯ ಕಸ ಬೀಳುವ ಮೂಲೆ. ಮೊದಲು ಅದು ಸ್ವಚ್ಛವಾಗಬೇಕು. ಕಸ ಎತ್ತಿಸಿ, ಕಾಲೇಜಿನ ಮಕ್ಕಳನ್ನು ಕರೆಸಿ, ಹಿಂದಿನ ಗೋಡೆಯ ತುಂಬಾ ಒಂದು ಕೆರೆ ಬಿಡಿಸಿದೆವು. ನೀಲಿ ನೀರು, ತಾವರೆ, ಒಂಟಿ ಕಾಲಲ್ಲಿ ನಿಂತ ಬೆಳ್ಳಕ್ಕಿ. ಸಂಜೆಯ ಬಿಸಿಲು ಓರೆಯಾಗಿ ಬಿದ್ದಾಗ ನೀರು ಮೆಲ್ಲಗೆ ಅಲುಗಿದಂತೆ ಕಾಣುತ್ತಿತ್ತು. ಹಾದುಹೋಗುವವರು ನಿಂತು ನೋಡಿ, ಸುಮ್ಮನೆ ನಕ್ಕು ಹೋಗುತ್ತಿದ್ದರು. ನನಗಂತೂ ಮನೆಗೆ ಹೋಗುವ ಮನಸ್ಸೇ ಬರಲಿಲ್ಲ.

ಮರುದಿನ ಬೆಳಿಗ್ಗೆ ಬಂದರೆ ಮೊದಲಿಗಿಂತ ಎರಡು ಪಟ್ಟು ಕಸ. ಆಗಷ್ಟೇ ಬಕೆಟ್ ಸುರಿದು ತಿರುಗಿದ ಒಬ್ಬ ಹೆಂಗಸನ್ನು ತಡೆದೆ. "ಏನ್ರೀ, ಇಷ್ಟು ಚೆಂದದ ಕೆರೆ ಮಾಡಿದೀವಿ, ಅದಕ್ಕೇ ತಂದು ಸುರೀತೀರಲ್ಲ?"

ಆಕೆ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದಳು. "ಮೇಡಮ್, ನೀವು ಬೆಂಗ್ಳೂರಿಗೆ ಹೊಸಬ್ರಾ? ಕಸ ಮತ್ತೆ ಕೆರೆಗಲ್ದೆ ಇನ್ನೆಲ್ಲಿಗೆ ಹಾಕ್ತಾರೆ?"

೩. ಕೈ ಎತ್ತಿ

ಬೀದಿ ಗುಡಿಸುವ ಅಕ್ಕ ನನ್ನ ಗೋಳು ನೋಡಲಾರದೆ ಉಪಾಯ ಹೇಳಿದಳು. "ಅಲ್ಲಿ ಯಾರಾದ್ರೂ ಕೂತಿದ್ರೆ ಸಾಕು ಮೇಡಮ್. ಮುಖ ನೋಡ್ಕೊಂಡು ಯಾರೂ ಕಸ ಹಾಕಲ್ಲ."

ಹೀಗೆ ಬೆಂಚು ಬಂತು. ಕಬ್ಬಿಣದ ಕಾಲು, ಮರದ ಹಲಗೆ. ಬೀದಿಯವರೆಲ್ಲ ಒಪ್ಪಿದ ಮೇಲೆ ಸಿಮೆಂಟ್ ಹಾಕಿ ಕೂರಿಸೋಣವೆಂದು ಆ ಮೂಲೆಯಲ್ಲಿ ಹಾಗೇ ಇಟ್ಟೆವು. ಅಜ್ಜಿ ಮೊದಲ ದಿನ ಅದರ ಮೇಲೆ ಕೂತು ಮೊಣಕಾಲು ನೀವಿಕೊಂಡರು. ಕಸದ ಚೀಲ ಹಿಡಿದು ಬಂದ ಇಬ್ಬರು ಅಜ್ಜಿಯನ್ನು ಕಂಡು, ವಾಕಿಂಗ್ ಬಂದವರಂತೆ ಕೈ ಬೀಸಿಕೊಂಡು ವಾಪಸ್ ಹೋದರು.

ಮರುದಿನ ಬೆಂಚು ಮೂರು ಮನೆ ಆಚೆ ಇತ್ತು. ಅದರ ಮರುದಿನ ಎದುರು ಸಾಲಿನಲ್ಲಿ. "ಬೆಂಚು ಬೇಕೇ ಬೇಕು ಮೇಡಮ್. ನಮ್ಮನೆ ಮುಂದೆ ಬೇಡ, ಅಷ್ಟೆ" ಎಂದರು ಎಲ್ಲರೂ. ಒಬ್ಬರಿಗೆ ಅಡುಗೆಮನೆ ಕಿಟಕಿ ಅಡ್ಡ, ಒಬ್ಬರಿಗೆ ರಂಗೋಲಿ ಹಾಕಲು ಅಡ್ಡ. ಇನ್ನೊಬ್ಬರ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವುದಿತ್ತು. ಒಂದು ದಿನ ಅಜ್ಜಿಯ ರೂಮಿನ ಬಾಗಿಲಿಗೇ ಬಂತು. "ಮನಿ ಮುಂದ ಕುಂದರಾಕ ನನಗ ಹೊಸ್ತಿಲ ಇಲ್ಲೇನು?" ಎಂದು ಅಜ್ಜಿ ಗದರಿದರು. ಬೆಂಚು ಹುಡುಕುವುದರಲ್ಲೇ ಆಕೆ ಎರಡು ಸಲ ಅಂಗನವಾಡಿಗೆ ತಡವಾಗಿ ಹೋದರು. "ಮಗ ಊರಿಗೆ ಫೋನ್ ಮಾಡ್ಯಾನವ್ವ. ಬೀಗತಿ ಚೀಲ ಕಟ್ಟಾಕ ಹತ್ಯಾಳ" ಎಂದು ನನ್ನ ಕೈ ಹಿಡಿದುಕೊಂಡರು.

ಆ ಸಂಜೆಯೇ ಸಭೆ ಸೇರಿಸಿ ಅಜ್ಜಿಯ ಕಷ್ಟವನ್ನೆಲ್ಲ ಬಿಡಿಸಿ ಹೇಳಿದೆ. ಕೆಲವರು ಕಣ್ಣೊರೆಸಿಕೊಂಡರು. "ಬೆಂಚಿಗೆ ಯಾವ ಮನೆಯವರು ಜಾಗ ಕೊಡ್ತೀರಿ, ಕೈ ಎತ್ತಿ" ಎಂದೆ. ಒಬ್ಬರೂ ಬಿಡದೆ ಕೈ ಎತ್ತಿದರು. ನನಗೆ ಅಳುವೇ ಬಂದುಬಿಟ್ಟಿತು. ಆಮೇಲೆ ನೋಡಿದೆ, ಎತ್ತಿದ ಕೈಗಳೆಲ್ಲ ಎದುರು ಮನೆಯನ್ನು ತೋರಿಸುತ್ತಿದ್ದವು.

೪. ಉದ್ಘಾಟನೆ

ಇನ್ನು ಮಾತು ಸಾಕೆಂದು ಕೆರೆಯ ಗೋಡೆಯ ಮುಂದೆಯೇ ಗುಂಡಿ ತೋಡಿಸಿ, ಸಿಮೆಂಟ್ ಕಲೆಸಿಟ್ಟು, ಬೆಂಚಿಗೆ ಕೆಂಪು ರಿಬ್ಬನ್ ಕಟ್ಟಿಸಿದೆ. ಒಬ್ಬ ಅಧಿಕಾರಿ ಮುಖ್ಯ ಅತಿಥಿ. ಮಧ್ಯಾಹ್ನ ಮೂರಕ್ಕೆ ಬರಬೇಕಾದವರು ಮೂರೂವರೆಯಾದರೂ ಇಲ್ಲ. ಅಂಗನವಾಡಿ ಬಿಡುವ ಹೊತ್ತಾಯಿತೆಂದು ಅಜ್ಜಿ ಬಂದರು, ರಿಬ್ಬನ್ ಸರಿಸಿ ಬೆಂಚಿನ ಮೇಲೆ ಕೂತರು. ನಾನು ಅತಿಥಿಗಳನ್ನು ಕರೆತರಲು ಮೇನ್ ರೋಡಿಗೆ ಹೋದೆ.

ಅವರೊಂದಿಗೆ ವಾಪಸ್ ಬಂದರೆ ಗುಂಡಿ ಇದೆ, ಸಿಮೆಂಟ್ ಇದೆ, ಬೆಂಚಿಲ್ಲ! ಅಜ್ಜಿಯೂ ಇಲ್ಲ!

ಪಕ್ಕದ ಮನೆಯವರು ಕೈ ಒರೆಸಿಕೊಳ್ಳುತ್ತಾ ಬಂದರು. "ಸಿಮೆಂಟ್ ಹಾಕ್ಬಿಟ್ರೆ ಮುಗೀತಲ್ಲ ಅಂತ ಎತ್ತಿ ಸ್ವಲ್ಪ ಮುಂದೆ ಇಟ್ವಿ ಮೇಡಮ್."

"ಮತ್ತೆ ಅಜ್ಜಿ?"

"ವಯಸ್ಸಾದೋರ್ನ ಎಬ್ಬಿಸೋಕಾಗುತ್ತಾ? ನಮಗೆ ಬೇಡ್ದಿರೋದು ಬೆಂಚು, ಅಜ್ಜಿ ಅಲ್ವಲ್ಲ. ಸಮೇತ ಎತ್ತಿದ್ವಿ."

ಮುಂದಿನ ಮನೆಯಲ್ಲಿ ಕೇಳಿದರೆ ಅವರೂ ಎತ್ತಿ ಮುಂದೆ ಇಟ್ಟಿದ್ದರು. ಅದರ ಮುಂದಿನವರೂ ಅಷ್ಟೆ. ಕೈಯಲ್ಲಿ ಕತ್ತರಿ ಹಿಡಿದ ಅಧಿಕಾರಿಯನ್ನು ನಡೆಸಿಕೊಂಡು ಬೀದಿಯ ತುದಿಗೆ ಹೋದೆ. ಅಂಗನವಾಡಿಯ ಮುಂದೆ, ಹೊಂಗೆ ಮರದ ಕೆಳಗೆ, ಬೆಂಚಿನ ಮೇಲೆ ಅಜ್ಜಿ ಕೂತಿದ್ದರು. ತಲೆಯ ಮೇಲೆಲ್ಲ ಹೊಂಗೆ ಹೂ, ತೊಡೆಯ ಮೇಲೆ ಮೊಮ್ಮಗಳು.

"ಕಾಲು ನೆಲ ಮುಟ್ಟಲಿಲ್ಲವ್ವ!" ಅಜ್ಜಿ ಇನ್ನೂ ಯಾವುದೋ ಲೋಕದಲ್ಲಿದ್ದರು. "ತೇಲಿಕೋತ ಬಂದೆ. ಒಂದ್ ಮನಿಯವ್ರು ಇಳಿಸೂದ್ರಾಗ ಇನ್ನೊಂದ್ ಮನಿಯವ್ರು ಎತ್ತತಿದ್ರು. ಕೂಸು ಹೊರಗ ಬರೂದ್ರಾಗ ನಾ ಮುಂದ ಬಂದು ಕುಂತಿದ್ದೆ."

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಷರ್ಟಿನ ತೋಳು ಮಡಚಿ ತಾವೇ ಒಂದು ಕಡೆ ಹಿಡಿದರು. ನಾಚಿಕೆಯಿಂದ ಮೂರು ಮನೆಯವರು ಉಳಿದ ಮೂಲೆ ಹಿಡಿದರು. ಅಜ್ಜಿ, ಮೊಮ್ಮಗಳು, ಬೆಂಚು ಮೂರೂ ಬಂದ ದಾರಿಯಲ್ಲೇ ತೇಲುತ್ತಾ ಹೊರಟವು. ಕೆರೆಯ ಗೋಡೆ ಬಂದದ್ದೇ ಅಜ್ಜಿ, "ಇಳಸ್ರಿ!" ಎಂದರು. ಬೆಂಚಿನ ಕಾಲುಗಳು ಗುಂಡಿಗಿಳಿದವು, ಸಿಮೆಂಟ್ ಬಿತ್ತು, ಚಪ್ಪಾಳೆಯೂ ಆಯಿತು.

"ಇನ್ನು ಏಳಿ ಅಜ್ಜಿ, ಸಿಮೆಂಟ್ ಒಣಗೋಕೆ ನಾಳೆವರೆಗೂ ಬೇಕು" ಎಂದೆ.

ಸೊಸೆ ಕೆಲಸದಿಂದ ಬರುವವರೆಗೆ ನೋಡಿಕೊಳ್ಳಲು ಅಜ್ಜಿ ಮೊಮ್ಮಗಳನ್ನು ನನ್ನ ಕೈಗೆ ಕೊಟ್ಟರು. ಬೆಂಚಿನ ಮೇಲೆ ಕಾಲು ಚಾಚಿ, ಸೆರಗು ಹೊದ್ದು, ಇಡೀ ಬೀದಿಯನ್ನೊಮ್ಮೆ ನೋಡಿದರು.

"ಒಣಗೂತನಕ ನಾ ಏಳಂಗಿಲ್ಲ. ಊಟ ಯಾರ ಮನಿಯಿಂದ ಬರ್ತೈತಿ, ಅದನ್ನ ಮೀಟಿಂಗ್ ಮಾಡಿ ಹೇಳ್ರಿ!"