ಕ್ಯಾಪ್ಟನ್ ಹಾರ್ಬಾಟಲ್ ಅವರ ಕಾಯಿಲೆ ರಜೆ

ನೈರೋಬಿಗೆ ಸಮುದ್ರವಿಲ್ಲ. ಆದಕಾರಣ ಕಡಲ ಸಮೀಕ್ಷಾ ದಾಖಲೆ ಸಂಸ್ಥೆಯನ್ನು, ಉಪ್ಪುಗಾಳಿಗೆ ಕಾಗದ ಹಾಳಾಗದಿರಲೆಂದು, ಊರೊಳಗಿನ ಪಂಗಾನಿ ಬಡಾವಣೆಯ ಒಂದು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸ್ಥಾಪಿಸಲಾಗಿತ್ತು. ಮಂಗಳೂರು ಕಡೆಯ ರೊಯ್ಸ್ಟನ್ ಅಲ್ಲಿ ಹನ್ನೊಂದು ವರ್ಷದಿಂದ ಸಹಾಯಕ ದಾಖಲೆಗಾರ. 2004ರಲ್ಲಿ ಮುಖ್ಯ ದಾಖಲೆಗಾರರ ಹುದ್ದೆ ಖಾಲಿಯಾಯಿತು. ಅದು ಸಿಕ್ಕರೆ ವರ್ಕ್ ಪರ್ಮಿಟ್ ಮುಂದುವರಿಯುತ್ತದೆ. ಇಲ್ಲದಿದ್ದರೆ ಹೆಂಡತಿ ಓಲಿಂಡಾ, ಶಾಲೆಗೆ ಹೋಗುವ ಮಗಳು ಎಲ್ಲರೂ ಗಂಟುಮೂಟೆ ಕಟ್ಟಬೇಕು. ರೊಯ್ಸ್ಟನ್‌ಗೆ ನಿದ್ದೆ ಹಾರಿಹೋಗಿತ್ತು.

ಹುದ್ದೆ ಕ್ಯಾಪ್ಟನ್ ಹಾರ್ಬಾಟಲ್ ಅವರಿಗೆ ಹೋಯಿತು.

ಕ್ಯಾಪ್ಟನ್ನರು ಬ್ರಿಟಿಷ್ ನೌಕಾಪಡೆಯವರು. ಹದಿಮೂರನೇ ವಯಸ್ಸಿಗೇ ಹಡಗು ಹತ್ತಿ, 1846ರಲ್ಲಿ ಮೊಂಬಾಸಾ ಬಳಿ ಕಡಲಿನ ಆಳ ಅಳೆದವರು. ಅವರ ಕಾಗದಪತ್ರಗಳ ಫೈಲ್ ಸಂಸ್ಥೆಯ ಕಪಾಟಿನಲ್ಲಿತ್ತು. ಸಂಸ್ಥೆ ಹುಟ್ಟಿದ್ದು 1988ರಲ್ಲಿ. ಆದರೆ ಹಳೆಯ ಸಂಸ್ಥೆಗಳಿಗೆ ಮಾತ್ರ ಅನುದಾನವೆಂಬ ಸುತ್ತೋಲೆ ಬಂದಾಗ ನಿರ್ದೇಶಕ ದತ್ತಾತ್ರೇಯರು ಕ್ಯಾಪ್ಟನ್ನರನ್ನು ನೌಕರರ ಪಟ್ಟಿಯಲ್ಲಿ ಒಂದನೇ ನಂಬರಿಗೆ ಸೇರಿಸಿಬಿಟ್ಟಿದ್ದರು. ಬಡ್ತಿ ಕೊಡುವುದು ಸೇವಾ ಹಿರಿತನದ ಮೇಲೆ. ಕ್ಯಾಪ್ಟನ್ನರು ರೊಯ್ಸ್ಟನ್‌ಗಿಂತ 147 ವರ್ಷ ಹಿರಿಯರು.

“ಅವರು ತೀರಿಹೋಗಿ ಎಷ್ಟೋ ಕಾಲ ಆಯ್ತಲ್ಲ ಸರ್?” ಎಂದ ರೊಯ್ಸ್ಟನ್.

“ಫೈಲಲ್ಲಿ ಡೆತ್ ಸರ್ಟಿಫಿಕೇಟ್ ಎಲ್ಲಿದೆ ತೋರಿಸ್ರೀ,” ಎಂದರು ದತ್ತಾತ್ರೇಯರು. “ಸೀನಿಯರ್ಸ್ ಬಗ್ಗೆ ಹಾಗೆಲ್ಲ ಮಾತಾಡಬಾರದು.”

ಮನೆಯಲ್ಲಿ ಓಲಿಂಡಾ ಕೊಂಕಣಿಯಲ್ಲಿ ನಿರ್ದೇಶಕರಿಗೂ ಕ್ಯಾಪ್ಟನ್ನರಿಗೂ ಬೈದಳು, ಕ್ಯಾಪ್ಟನ್ನರಿಗೆ ಸ್ವಲ್ಪ ಹೆಚ್ಚಾಗಿ. ರೊಯ್ಸ್ಟನ್ ಫೈಲನ್ನು ಮನೆಗೇ ತಂದು ಮೊದಲಿಂದ ಓದಿದ. ಕೊನೆಯ ಕಾಗದ 1851ರದು, ಕ್ಯಾಪ್ಟನ್ನರ ಕೈಬರಹದಲ್ಲೇ ಇತ್ತು: “ಜ್ವರ ಬಂದಿದೆ. ಗುಣವಾದ ಕೂಡಲೇ ಹಾಜರಾಗುತ್ತೇನೆ.” ಅದರ ಮೇಲೆ ಯಾರ ಆದೇಶವೂ ಇರಲಿಲ್ಲ. ಮರುದಿನ ಅದನ್ನು ದತ್ತಾತ್ರೇಯರ ಮುಂದಿಟ್ಟ.

“ಇದು ಸಿಕ್ ಲೀವ್ ಅರ್ಜಿ ಸರ್. ಇನ್ನೂ ಸ್ಯಾಂಕ್ಷನ್ ಆಗ್ಲಿಲ್ಲ.”

“ಛೆ, ಪಾಪ! ಇಷ್ಟು ದಿನ ಕಾಯಿಸಿದ್ದು ನಮ್ಮದೇ ತಪ್ಪು. ಸವಾ, ಸವಾ,” ಎಂದು ಸ್ವಾಹಿಲಿಯಲ್ಲಿ ‘ಸರಿ’ ಅನ್ನುತ್ತ ದತ್ತಾತ್ರೇಯರು ಅಂದೇ ಆದೇಶ ಹೊರಡಿಸಿದರು:

“ಕ್ಯಾಪ್ಟನ್ ಹಾರ್ಬಾಟಲ್ ಅವರು ಗುಣಮುಖರಾಗಿ ಹಾಜರಾಗುವವರೆಗೆ ಸದರಿ ಹುದ್ದೆಯ ಪ್ರಭಾರವನ್ನು ಶ್ರೀ ರೊಯ್ಸ್ಟನ್ ವಹಿಸತಕ್ಕದ್ದು. ಸದರಿ ಅಧಿಕಾರಿಯು ನಿಧನರಾದಲ್ಲಿ ಪ್ರಭಾರವೂ, ಹುದ್ದೆಯೂ ರದ್ದಾಗತಕ್ಕದ್ದು.”

ಪರ್ಮಿಟ್ ಮುಂದುವರಿಯಿತು.

ಎರಡು ವರ್ಷದ ಮೇಲೆ ಇಂಗ್ಲೆಂಡಿನಿಂದ ಒಬ್ಬ ಮುದುಕಿ ಬಂದರು. ಕ್ಯಾಪ್ಟನ್ನರ ಮರಿಮೊಮ್ಮಗಳಂತೆ. ಫೈಲ್ ಪೂರ್ಣವಾಗಲಿ ಎಂದು, ಅವರನ್ನು ಹೂಳಿದ ಚರ್ಚಿನ ದಾಖಲೆಯನ್ನು ಪ್ರೀತಿಯಿಂದ ತಂದಿದ್ದರು. ರೊಯ್ಸ್ಟನ್ ಆದೇಶದ ಕೊನೆಯ ಸಾಲನ್ನು ನೆನೆದ. ಕಾಗದವನ್ನು ಹಿಂದೆಮುಂದೆ ತಿರುಗಿಸಿ ನೋಡಿದ.

“ಕ್ಷಮಿಸಿ ಮೇಡಂ. ಪಟ್ಟಿಯಿಂದ ಹೆಸರು ತೆಗೆಯಬೇಕಾದರೆ ನೌಕರರು ಖುದ್ದಾಗಿ ಬಂದು ಸಹಿ ಹಾಕಬೇಕು.”

ಮುದುಕಿ ದತ್ತಾತ್ರೇಯರ ಕಡೆ ನೋಡಿದರು. ಅವರು ಗಂಭೀರವಾಗಿ ತಲೆಯಾಡಿಸಿದರು. ಮುದುಕಿ ಮೇಜಿನ ಮೇಲೆ ತೆರೆದಿದ್ದ ಫೈಲಿನಲ್ಲಿ ರಜೆ ಅರ್ಜಿ ಓದಿದರು.

“ಹಾಗಾದರೆ ಈಗ ಜ್ವರ ಹೇಗಿದೆ?”

“ಇನ್ನೂ ಇಳಿದಿಲ್ಲ.”

ಮುದುಕಿ ಕಣ್ಣೊರೆಸಿಕೊಂಡು, ರೋಗಿಗೆಂದು ಒಂದು ಡಬ್ಬಿ ಬಿಸ್ಕತ್ತು ಕೊಟ್ಟು, ರಸೀದಿ ಪಡೆದು ಹೋದರು.

ಆ ಭಾನುವಾರ ಇಗರ್ಜಿಯಲ್ಲಿ ರೊಯ್ಸ್ಟನ್ ಮೊಣಕಾಲೂರಿ, ಕ್ಯಾಪ್ಟನ್ನರಿಗೆ ದೀರ್ಘಾಯುಸ್ಸು ಕೊಡೆಂದು ಮನಸಾರೆ ಬೇಡಿದ. ಓಲಿಂಡಾ ಪಕ್ಕದಲ್ಲಿ ಮೊಂಬತ್ತಿ ಹಚ್ಚಿ, ಪೂರ್ತಿ ಗುಣ ಮಾಡುವುದು ಮಾತ್ರ ಬೇಡ ಎಂದು ಸೇರಿಸಿದಳು.